ಮಾದರಿ ಮಗು

ವೆಂಕಟಾಚಲಯ್ಯನವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಮೇಲು, ಕತೆಯೆಲ್ಲ ಮುಗಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಅವರು ಬೆತ್ತ ಹಿಡಿದವರಲ್ಲ, ಯಾವ ಮಗುವನ್ನೂ ಕತ್ತೆ ಎಂದವರಲ್ಲ. ಓದಲು ಬಾರದ ಹುಡುಗನನ್ನು ದಡ್ಡ ಎಂದು ಮೂಲೆಯಲ್ಲಿ ಕೂರಿಸುವ ಮೇಷ್ಟರುಗಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಅದೇ ಉರಿಯಲ್ಲಿ ಹಡಗು ಹತ್ತಿ ಲಂಡನ್ನಿಗೆ ಹೋಗಿ, ಒಂದು ವರ್ಷ ಬ್ರೆಡ್ಡು ಆಲೂಗೆಡ್ಡೆ ತಿಂದುಕೊಂಡಿದ್ದು, ಅಂಥ ಮಕ್ಕಳನ್ನು ಗುರುತಿಸಿ ಓದಿಸುವ ವಿದ್ಯೆ ಕಲಿತು ಬಂದಿದ್ದರು. ಬಂದವರು ಸುಮ್ಮನೆ ಕೂರಲಿಲ್ಲ. ಇಲಾಖೆಯವರ ಕೈಕಾಲು ಹಿಡಿದು ಜಯನಗರದ ಮೂರನೇ ಬ್ಲಾಕಿನಲ್ಲಿ, ಇನ್ನೂ ಸುಣ್ಣ ಕಾಣದ ಒಂದು ಹೊಸ ಮನೆಯಲ್ಲಿ, ಪ್ರೈಮರಿ ಶಾಲೆಯ ಮೇಷ್ಟರುಗಳಿಗೆ ತರಬೇತಿ ಶುರು ಮಾಡಿದರು. ಅರುವತ್ತೊಂದನೇ ಇಸವಿಯ ಮಾತು. ಆಗ ಜಯನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಾಗಿದ್ದವು.

ತರಬೇತಿಗೆ ಬಂದ ಮೇಷ್ಟರುಗಳೋ, ಪಳಗಿದ ಕೈಗಳು. "ಬುದ್ಧಿ ಇರುತ್ತೆ, ಮಾತಿರುತ್ತೆ, ಜ್ಞಾಪಕಶಕ್ತಿ ಇರುತ್ತೆ, ಆದರೂ ಅಕ್ಷರ ಹತ್ತೋದಿಲ್ಲ. ಅಂಥ ಮಕ್ಕಳು ನಿಮ್ಮ ಒಂದೊಂದು ತರಗತಿಯಲ್ಲೂ ಇದ್ದಾರೆ" ಎಂದು ಇವರು ಹೇಳಿದರೆ, ಹಿಂದಿನ ಬೆಂಚಿನಿಂದ ಯಾರೋ, "ಎರಡು ಬಿಗಿದ್ರೆ ತಾನೇ ಹತ್ತುತ್ತೆ ಬಿಡಿ ಸಾರ್" ಅನ್ನುವರು. ಎಲ್ಲರೂ ನಗುವರು. ಇವರಿಗೆ ಬಾಯಿಮಾತಿನಲ್ಲಿ ಕೆಲಸ ಆಗುವುದಿಲ್ಲ, ಕಣ್ಣಾರೆ ತೋರಿಸಬೇಕು ಎಂದು ವೆಂಕಟಾಚಲಯ್ಯನವರಿಗೆ ಅರ್ಥವಾಯಿತು. ತೋರಿಸುವುದಕ್ಕೆ ಒಂದು ಮಗು ಬೇಕಿತ್ತು.

ಮಗು ಸೊಪ್ಪಿನ ಮಂಕರಿಯ ಹಿಂದೆ ನಡೆದುಕೊಂಡು ಅವರ ಮನೆ ಬಾಗಿಲಿಗೇ ಬಂತು.

ಪುಟ್ಟೇನಹಳ್ಳಿಯ ಬೈರಮ್ಮ ಕೆರೆಯ ಕೆಳಗಿನ ತುಂಡು ಹೊಲದಲ್ಲಿ ಸೊಪ್ಪು ಬೆಳೆದು, ಬೆಳಿಗ್ಗೆ ಬೆಳಿಗ್ಗೆ ಜಯನಗರಕ್ಕೆ ಹೊತ್ತು ತರುತ್ತಿದ್ದ ಮುದುಕಿ. ದಸರಾ ಕಳೆದ ಮೇಲೆ ಒಂದು ದಿನ ಮೊಮ್ಮಗಳನ್ನೂ ಕರೆತಂದಿದ್ದಳು. ವೆಂಕಟಾಚಲಯ್ಯನವರ ಹೆಂಡತಿ ವಾರಿಜಮ್ಮ ದಂಟು ಆರಿಸುತ್ತಿದ್ದರೆ, ಆ ಹುಡುಗಿ ಜಗಲಿಯ ಮೇಲೆ ಕೂತು ತನ್ನ ಪಾಠಪುಸ್ತಕ ಬಿಡಿಸಿ ಗಿಣಿಯ ಹಾಗೆ ಓದುತ್ತಿತ್ತು. ನರಿಯ ಪಾಠ, ನರಿಯ ಮಾತಿಗೆ ನರಿಯ ದನಿ, ಕಾಗೆಯ ಮಾತಿಗೆ ಕಾಗೆಯ ದನಿ. ವೆಂಕಟಾಚಲಯ್ಯನವರು ಪೇಪರು ಕೆಳಗಿಟ್ಟು ಕೇಳಿದರು. ಆಮೇಲೆ ಎದ್ದು ಹತ್ತಿರ ಹೋಗಿ ನೋಡಿದರು. ಪುಸ್ತಕ ತಲೆಕೆಳಗಾಗಿತ್ತು.

"ಏನಮ್ಮ ನಿನ್ನ ಹೆಸರು?"

"ಗೌರಿ. ಇಸ್ಕೂಲಲ್ಲಿ ಗೌರಮ್ಮ."

ಪುಸ್ತಕ ತಿರುಗಿಸಿ ಕೊಟ್ಟು, ಬೇರೆ ಪುಟ ತೆಗೆದು, ಬೆರಳಿಟ್ಟು ಕೇಳಿದರು. ಗಿಣಿ ಮೂಕವಾಯಿತು. ಹುಡುಗಿಯ ಮೇಲ್ದುಟಿಯ ಮೇಲೆ ಬೆವರು ಒಡೆಯಿತು. 'ಮರ' ಅನ್ನುವುದಕ್ಕೆ 'ವರ' ಅಂದಿತು, ಒತ್ತಕ್ಷರ ಕಂಡಲ್ಲಿ ಹಳ್ಳ ಕಂಡ ಕುರಿಯ ಹಾಗೆ ನಿಂತುಬಿಟ್ಟಿತು, ಒಂದು ಸಾಲಿನಿಂದ ಜಾರಿ ಕೆಳಗಿನ ಸಾಲಿಗೆ ಬಿತ್ತು. ವೆಂಕಟಾಚಲಯ್ಯನವರ ಎದೆ ಹೊಡೆದುಕೊಳ್ಳತೊಡಗಿತು. ಲಂಡನ್ನಿನ ಪುಸ್ತಕದಲ್ಲಿ ಬರೆದಿದ್ದದ್ದೆಲ್ಲ ಪುಟ್ಟೇನಹಳ್ಳಿಯ ಈ ಹುಡುಗಿಯ ಬಾಯಲ್ಲಿ ಒಂದೂ ಬಿಡದೆ ಇತ್ತು.

"ಮೇಷ್ಟ್ರು ಇದನ್ನ ಮಣ್ಣೆಂಟೆ ಅಂತಾರೆ ಸೋಮಿ" ಎಂದಳು ಬೈರಮ್ಮ. "ಅಪ್ಪ ಇಲ್ಲದ ಕೂಸು. ಬಾಯಿ ನೋಡಿದ್ರೆ ಊರಿಗೇ ಪಂಚಾಯ್ತಿ ಹೇಳ್ತದೆ, ಓದು ಅಂದ್ರೆ ಅಳ್ತದೆ. ಬರೋ ಯುಗಾದಿ ಒಳಗೆ ಓದು ಬರದಿದ್ರೆ ಇಸ್ಕೂಲು ಬುಡಿಸಿ ಮಂಕರಿ ಹೊರಿಸು ಅಂತಾವ್ನೆ ನನ್ನ ಮಗ ತಿಮ್ಮರಾಯಪ್ಪ. ನನಗೋ, ಇದೊಂದಾದ್ರೂ ನಾಲ್ಕಕ್ಷರ ಕಲೀಲಿ ಅಂತ ಆಸೆ."

"ಬಿಡಿಸಬೇಡಿ ಬೈರಮ್ಮ. ಈ ಮಗು ದಡ್ಡಿ ಅಲ್ಲ. ವಾರಕ್ಕೆ ಎರಡು ದಿನ ಸ್ಕೂಲು ಬಿಟ್ಟ ಮೇಲೆ ನನ್ನ ಹತ್ತಿರ ಕಳಿಸಿ. ಯುಗಾದಿ ಒಳಗೆ ಇವಳನ್ನ ಓದಿಸೋದು ನನ್ನ ಜವಾಬ್ದಾರಿ. ಇದು ನನ್ನ ಮಾತು."

ಬೈರಮ್ಮ ಕೈಮುಗಿದಳು. ಆವತ್ತಿನಿಂದ ಆ ಮನೆಗೆ ಸೊಪ್ಪು ಪುಗಸಟ್ಟೆ. ಬೇಡ ಅಂದರೆ ಕೇಳುವ ಹೆಂಗಸಲ್ಲ ಅವಳು.

ವೆಂಕಟಾಚಲಯ್ಯನವರು ಆ ಮಾತನ್ನು ಮನಸ್ಸಿನಿಂದಲೇ ಆಡಿದ್ದರು, ಸುಳ್ಳು ಹೇಳಬಾರದು. ಆದರೆ ಮೊದಲು ಮೇಷ್ಟರುಗಳಿಗೆ ಒಮ್ಮೆ ತೋರಿಸಿಬಿಡೋಣ, ಆಮೇಲೆ ಕಲಿಸಿದರಾಯಿತು ಅಂದುಕೊಂಡರು. ಟ್ರೈನಿಂಗಿನಲ್ಲಿ ಮಾದರಿ ಪಾಠ ಅಂತ ಒಂದು ಪದ್ಧತಿ. ನಿಜವಾದ ಮಗುವನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿ ತೋರಿಸುವುದು, ಮೇಷ್ಟರುಗಳು ನೋಡಿ ಕಲಿಯುವುದು. ಗೌರಿಯನ್ನು ಸೆಂಟರಿನ ದೊಡ್ಡ ಹಾಲಿನ ಮಧ್ಯೆ ಸ್ಟೂಲಿನ ಮೇಲೆ ಕೂರಿಸಿದರು.

"ಪುಸ್ತಕ ನೋಡಬೇಡಿ. ದನಿಗೆ ಮೋಸ ಹೋಗಬೇಡಿ. ತುಟಿ ನೋಡಿ" ಎಂದರು. "ಮಗುವಿನ ತುಟಿ ಮೊದಲು ಓದುತ್ತೆ, ಬಾಯಿ ಆಮೇಲೆ ಹೇಳುತ್ತೆ."

ಗೌರಿ ಓದಿತು. ಮರ ವರವಾಯಿತು. ಒತ್ತಕ್ಷರದ ಮುಂದೆ ನಿಂತು ಬೆವರಿತು. ಆಮೇಲೆ ವೆಂಕಟಾಚಲಯ್ಯನವರು ಪುಸ್ತಕ ಮುಚ್ಚಿ, "ನಿನ್ನೆ ಹರಿಕತೆ ಕೇಳಿದೆಯಂತಲ್ಲ, ಹೇಳು" ಅಂದರೆ, ದಾಸರು ಕೆಮ್ಮಿದ್ದೂ ಬಿಡದ ಹಾಗೆ ಒಪ್ಪಿಸಿತು. ಎರಡು ಬಿಗಿಯಿರಿ ಎಂದಿದ್ದ ಮೇಷ್ಟರೇ ಎದ್ದು ನಿಂತು, "ನಮ್ಮ ಕ್ಲಾಸಲ್ಲೂ ಹಿಂಗೇ ಒಬ್ಬನಿದ್ದಾನೆ ಸಾರ್. ಅಯ್ಯೋ, ಅವನಿಗೆ ಎಷ್ಟು ಹೊಡೆದಿದ್ದೀನೋ" ಎಂದು ಕಣ್ಣೊರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ವೆಂಕಟಾಚಲಯ್ಯನವರು ಜೇಬಿನಿಂದ ಪೆಪ್ಪರಮೆಂಟು ತೆಗೆದು ಗೌರಿಯ ಅಂಗೈಯಲ್ಲಿಟ್ಟರು. ಹುಟ್ಟಿದಾಗಿನಿಂದ ಯಾರೂ ಆ ಹುಡುಗಿಯ ಓದಿಗೆ ಚಪ್ಪಾಳೆ ತಟ್ಟಿರಲಿಲ್ಲ. ಅದರ ಮುಖ ಊರಗಲವಾಯಿತು.

ಆಮೇಲೆ ಕಲಿಸುವುದಕ್ಕೂ ಕೂತರು. ಅಕ್ಷರವನ್ನು ಮರಳಲ್ಲಿ ತೀಡಿಸಿದರು, ಬೆನ್ನ ಮೇಲೆ ಬೆರಳಲ್ಲಿ ಬರೆದು ಯಾವುದು ಹೇಳು ಅಂದರು. ಹುಡುಗಿಗೆ ಹತ್ತತೊಡಗಿತು. ಮ ಮ ಆಯಿತು, ವ ವ ಆಯಿತು. ವೆಂಕಟಾಚಲಯ್ಯನವರಿಗೆ ಹಿಗ್ಗೋ ಹಿಗ್ಗು.

ಆ ಹಿಗ್ಗಿನಲ್ಲೇ ಎರಡನೇ ತಂಡ ಬಂತು. ಮತ್ತೆ ಮಾದರಿ ಪಾಠ, ಮತ್ತೆ ಸ್ಟೂಲು. ಗೌರಿ ಪುಸ್ತಕ ಹಿಡಿದು, ಹೊಸದಾಗಿ ಕಲಿತದ್ದನ್ನೆಲ್ಲ ತೋರಿಸುವ ಉತ್ಸಾಹದಲ್ಲಿ, ನಾಲ್ಕು ಸಾಲು ಸರಾಗವಾಗಿ ಓದಿಬಿಟ್ಟಿತು. ಮೇಷ್ಟರುಗಳು ಮುಖ ಮುಖ ನೋಡಿಕೊಂಡರು. ಕೋಲಾರದ ಕಡೆಯವರೊಬ್ಬರು, "ಚೆನ್ನಾಗೇ ಓದುತ್ತಲ್ಲ ಸಾರ್, ಇದಕ್ಕೇನು ಕಾಯಿಲೆ?" ಅಂದರು. ನಗು ಎದ್ದಿತು. ಗಂಟೆಗಟ್ಟಲೆ ಭಾಷಣ ಮಾಡಿ ಕಟ್ಟಿದ್ದೆಲ್ಲ ಬಿದ್ದುಹೋಯಿತು. ವೆಂಕಟಾಚಲಯ್ಯನವರ ಕಿವಿ ಕೆಂಪಾಯಿತು.

ಎಲ್ಲರೂ ಕಾಫಿಗೆ ಹೋದ ಮೇಲೆ ಸ್ಟೂಲಿನ ಹತ್ತಿರ ಬಂದು, "ಏನೇ ಇದು? ಹೀಗಾ ಓದೋದು? ಎಲ್ಲ ಕೆಡಿಸಿಬಿಟ್ಟೆಯಲ್ಲ!" ಎಂದು ಗದರಿದರು. ಪೆಪ್ಪರಮೆಂಟಿಗೆ ಹೋಗಿದ್ದ ಕೈ ಬರಿದಾಗಿಯೇ ಜೇಬಿನಿಂದ ಹೊರಬಂತು. ಹುಡುಗಿ ಆ ಜೇಬನ್ನೇ ನೋಡುತ್ತ ನಿಂತಿತು.

ಒಂದು ಲೋಟ ಕಾಫಿ ಕುಡಿಯುವುದರೊಳಗೆ ವೆಂಕಟಾಚಲಯ್ಯನವರು ಅದನ್ನು ಮರೆತರು. ಗೌರಿ ಮರೆಯಲಿಲ್ಲ. ಮರೆಯುವುದು ಅದರ ಜಾತಕದಲ್ಲೇ ಇರಲಿಲ್ಲ.

ಅಲ್ಲಿಗೆ ಮರಳಿನ ತಟ್ಟೆ ಅಟ್ಟ ಸೇರಿತು. ಕಲಿಸುವುದಿಲ್ಲ ಎಂದು ಅವರೇನೂ ತೀರ್ಮಾನ ಮಾಡಲಿಲ್ಲ. ಅಂಥ ತೀರ್ಮಾನವನ್ನು ಒಳ್ಳೆಯವರು ಯಾರೂ ಮಾಡುವುದಿಲ್ಲ. ಈ ತಂಡ ಮುಗಿಯಲಿ, ಆಮೇಲೆ, ಅಂದರು. ಅದು ಮುಗಿದರೆ ಇನ್ನೊಂದು ಬರುವುದು. ಇಷ್ಟು ಚೊಕ್ಕವಾಗಿ ತಪ್ಪು ಓದುವ ಇನ್ನೊಂದು ಮಗು ಎಲ್ಲಿ ಸಿಗಬೇಕು? ಈ ಒಂದು ಹುಡುಗಿ ತಪ್ಪು ಓದಿದರೆ ನೂರಾರು ಮೇಷ್ಟರುಗಳ ಕಣ್ಣು ತೆರೆಯುತ್ತದೆ, ಸಾವಿರಾರು ಮಕ್ಕಳ ಬೆನ್ನು ಉಳಿಯುತ್ತದೆ, ಎಂದು ತಮಗೆ ತಾವೇ ಹೇಳಿಕೊಂಡರು. ಹೇಳಿಕೊಂಡದ್ದು ಸುಳ್ಳೂ ಅಲ್ಲ, ಅದೇ ಅದರ ವಿಷ. ಗೌರಿಯೂ ಮುಂದಿನ ತಂಡದ ಹೊತ್ತಿಗೆ ಮತ್ತೆ ವರ ವರ ಎಂದು ಓದತೊಡಗಿತು, ಮತ್ತೆ ಚಪ್ಪಾಳೆ ಬಿತ್ತು, ಮತ್ತೆ ಪೆಪ್ಪರಮೆಂಟು. ತೀಡದೆ ಬಿಟ್ಟರೆ ಅಕ್ಷರ ಜಾರುತ್ತದೆ, ಪಾಪ, ಅಂದುಕೊಂಡರು ವೆಂಕಟಾಚಲಯ್ಯನವರು. ಹಾಗೆ ಅಂದುಕೊಂಡಾಗ ಸ್ವಲ್ಪ ನಿರಾಳವೂ ಆಯಿತು. ಆ ನಿರಾಳಕ್ಕೆ ಆಮೇಲೆ ನಾಚಿಕೆಯೂ ಆಯಿತು.

ಸೊಪ್ಪು ಮಾತ್ರ ತಪ್ಪದೆ ಬರುತ್ತಿತ್ತು. ಒಂದು ದಿನ ಸಬ್ಬಸಿಗೆ, ಒಂದು ದಿನ ಚಕ್ಕೋತ. "ಕೂಸು ಹೆಂಗೆ ಸೋಮಿ, ಓದ್ತದಾ?" ಎಂದು ಬಾಗಿಲಲ್ಲಿ ಬೈರಮ್ಮನ ದನಿ ಕೇಳಿದರೆ ವೆಂಕಟಾಚಲಯ್ಯನವರು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದರು. ವಾರಿಜಮ್ಮನೇ, "ಕಲೀತಾ ಇದ್ದಾಳಂತೆ ಬೈರಮ್ಮ" ಅನ್ನಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಸೊಪ್ಪಿನ ಹುಳಿ ಬಡಿಸುತ್ತ ವಾರಿಜಮ್ಮ ಕೇಳಿದರು, "ಏನೂಂದ್ರೆ, ಆ ಹುಡುಗಿ ನಿಜವಾಗಲೂ ಕಲೀತಾ ಇದೆಯಾ?"

"ಯಾಕೆ?"

"ಏನಿಲ್ಲ. ಆ ಮುದುಕಿಗೆ ಸುಳ್ಳು ಹೇಳ್ತಾ ಇದ್ದೀನೋ ನಿಜ ಹೇಳ್ತಾ ಇದ್ದೀನೋ ತಿಳ್ಕೊಳ್ಳೋಣ ಅಂತ."

ವೆಂಕಟಾಚಲಯ್ಯನವರು ತುತ್ತನ್ನು ತಟ್ಟೆಗೇ ಬಿಟ್ಟರು. "ಸಮಯ ಹಿಡಿಯುತ್ತೆ ಕಣೆ, ಅದೇನು ಮಂತ್ರಾನಾ?" ಎಂದು ಸಿಡುಕಿ, ಮಜ್ಜಿಗೆಗೂ ಕಾಯದೆ ಎದ್ದು ಕೈತೊಳೆದರು. ಅವರು ಸಿಡುಕುವ ಗಂಡಸಲ್ಲ. ವಾರಿಜಮ್ಮನಿಗೆ ಉತ್ತರ ಸಿಕ್ಕಂತಾಯಿತು.

ಸಂಕ್ರಾಂತಿ ಕಳೆದ ಮೇಲೆ ಬಂದ ತಂಡದಲ್ಲಿ ವಿಮಲಾ ಎಂಬ ಟೀಚರು ಇದ್ದಳು. ಬಸವನಗುಡಿಯವಳು, ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ, ಆದ್ದರಿಂದ ಪ್ರಶ್ನೆ ಕೇಳುವ ಚಾಳಿ ಇನ್ನೂ ಹೋಗಿರಲಿಲ್ಲ. ಮಾದರಿ ಪಾಠ ಮುಗಿದು ಚಪ್ಪಾಳೆ ನಿಂತ ಮೇಲೆ ಎದ್ದು ನಿಂತು ಕೇಳಿದಳು, "ಸಾರ್, ಗುರುತು ಹಿಡಿಯೋದು ಗೊತ್ತಾಯ್ತು. ಈ ಮಗು ಇಲ್ಲಿಗೆ ಬರೋಕೆ ಶುರುವಾಗಿ ಎಷ್ಟು ದಿನ ಆಯ್ತು?"

"ಯಾಕಮ್ಮ?" ಎಂದರು ವೆಂಕಟಾಚಲಯ್ಯನವರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವರ ದನಿ.

"ನೀವು ಹೇಳಿದ ಕ್ರಮದಲ್ಲಿ ಕಲಿಸಿದ್ರೆ ಎಷ್ಟು ದಿನಕ್ಕೆ ಬರುತ್ತೆ ಅಂತ ತಿಳ್ಕೊಳ್ಳೋಕೆ ಸಾರ್."

"ಅದು ಮಗುವಿನಿಂದ ಮಗುವಿಗೆ ಬೇರೆ. ಕೂತ್ಕೋ."

ವಿಮಲಾ ಕೂತಳು. ಮತ್ತೆ ಕೇಳಲಿಲ್ಲ. ಆದರೆ ಮಾರನೇ ವಾರದಿಂದ ಸೆಂಟರಿನ ಹಿಂದಿನ ವರಾಂಡದಲ್ಲಿ ವೆಂಕಟಾಚಲಯ್ಯನವರಿಗೆ ಆಗಾಗ ಹುಣಿಸೆಬೀಜ ಕಾಲಿಗೆ ಸಿಗತೊಡಗಿದವು. ಬೀದಿಯ ಮಕ್ಕಳು ಚೌಕಾಬಾರ ಆಡಿ ಬಿಟ್ಟುಹೋಗಿರಬೇಕು ಎಂದು ಬದಿಗೆ ಸರಿಸಿದರು. ಆ ತಂಡ ಮುಗಿದ ಮೇಲೂ ವಿಮಲಾ ಸ್ಕೂಲು ಮುಗಿಸಿಕೊಂಡು ಬಸ್ಸು ಹಿಡಿದು ಬರುತ್ತಿದ್ದಳು. ಲೈಬ್ರರಿಗೆ ಅಂತ ಹೇಳುತ್ತಿದ್ದಳು. ಇವರೂ ಹೆಚ್ಚು ಕೇಳಲು ಹೋಗಲಿಲ್ಲ.

ಬೇವು ಹೂ ಬಿಡುವ ಹೊತ್ತಿಗೆ ಇಲಾಖೆಯಿಂದ ಕಾಗದ ಬಂತು. ದೊಡ್ಡ ಸಾಹೇಬರಾದ ಸೋಮಲಿಂಗಪ್ಪನವರು ಸ್ವತಃ ಬಂದು ಮಾದರಿ ಪಾಠ ನೋಡುತ್ತಾರೆ. ಮೆಚ್ಚಿದರೆ ಸೆಂಟರು ಕಾಯಂ, ಜಿಲ್ಲೆಗೊಂದರಂತೆ ಇನ್ನಷ್ಟು. ಮೆಚ್ಚದಿದ್ದರೆ ಈ ತಿಂಗಳಿಗೇ ಬೀಗ. ವೆಂಕಟಾಚಲಯ್ಯನವರಿಗೆ ನೆಲ ಕಾಣಲಿಲ್ಲ. ಸೆಂಟರಿಗೆ ಸುಣ್ಣ ಹೊಡೆಸಿದರು, ಕುರ್ಚಿ ಬಾಡಿಗೆಗೆ ತರಿಸಿದರು.

ಸಾಹೇಬರು ಬರುವ ಹಿಂದಿನ ದಿನ ಬೆಳಿಗ್ಗೆ ಬೈರಮ್ಮ ಅವರನ್ನು ಬಾಗಿಲಲ್ಲೇ ಹಿಡಿದಳು. ಬಚ್ಚಲಮನೆಗೆ ಓಡುವಷ್ಟು ಸಮಯ ಸಿಗಲಿಲ್ಲ.

"ಯುಗಾದಿ ಬಂದೇಬುಡ್ತು ಸೋಮಿ. ನನ್ನ ಮಗ ದಿನಾ ಕೇಳ್ತಾವ್ನೆ, ಓದು ಬಂತಾ ಬಂತಾ ಅಂತ. ನಾಳೆ ದೊಡ್ಡ ಸಾಹೇಬ್ರ ಮುಂದೆ ಗೌರಿ ಓದ್ತದಂತಲ್ಲ, ಅದೇ ಹೇಳ್ತು. ಸಾಹೇಬ್ರ ಮುಂದೆ ಓದೋವಷ್ಟು ಆಯ್ತಲ್ಲ ಶಿವನೇ ಅಂತ ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ನಾನೂ ಬತ್ತೀನಿ. ಮೂಲೇಲಿ ನಿಂತು ನೋಡ್ತೀನಿ. ನೋಡಿ ಹೋಗಿ ಅವನಿಗೆ ಹೇಳ್ತೀನಿ."

ಬೇಡ ಎನ್ನಬೇಕು. ಎಂದರೆ ಯಾಕೆ ಎನ್ನುತ್ತಾಳೆ. ವೆಂಕಟಾಚಲಯ್ಯನವರ ಬಾಯಲ್ಲಿ ಬಿಸಿತುಪ್ಪ ಇಟ್ಟಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಬನ್ನಿ" ಎಂದರು. ಬೈರಮ್ಮ ಆವತ್ತು ಸೊಪ್ಪಿನ ಜೊತೆ ಒಂದು ಮೊಳ ಕನಕಾಂಬರವನ್ನೂ ಇಟ್ಟು ಹೋದಳು.

ಮಾರನೆಯ ದಿನ ಸೋಮಲಿಂಗಪ್ಪನವರು ಜೀಪಿನಿಂದ ಇಳಿದರು. ಎತ್ತರದ ಆಳು, ಮಾತು ಕಮ್ಮಿ. ಮೇಷ್ಟರುಗಳು ಉಸಿರು ಬಿಗಿಹಿಡಿದು ಕೂತರು. ಹಿಂದಿನ ಸಾಲಿನಲ್ಲಿ ವಿಮಲಾ. ಬಾಗಿಲ ಹೊರಗೆ ವರಾಂಡದಲ್ಲಿ, ಕಂಬ ಹಿಡಿದು, ಒಗೆದ ಸೀರೆ ಉಟ್ಟ ಬೈರಮ್ಮ. ಒಳಗೆ ಕರೆದರೂ ಬರಲಿಲ್ಲ.

ಗೌರಿ ಸ್ಟೂಲಿನ ಮೇಲೆ ಕೂತಿತು. ಎಣ್ಣೆ ಹಚ್ಚಿ ಬಿಗಿದ ಜಡೆ, ತುದಿಗೆ ಕನಕಾಂಬರ. ಸೋಮಲಿಂಗಪ್ಪನವರು, "ನೀವು ಮೊದಲೇ ಅಭ್ಯಾಸ ಮಾಡಿಸಿದ ಪುಟ ಬೇಡ, ಇದನ್ನ ಕೊಡಿ" ಎಂದು ತಾವೇ ತಂದಿದ್ದ ಹೊಸ ಪುಸ್ತಕದ ಒಂದು ಪುಟ ತೆಗೆದುಕೊಟ್ಟರು. ಕಮ್ಮಾರನ ಪಾಠ. ಹುಡುಗಿ ಕಂಡಿರದ ಪುಸ್ತಕ.

"ತುಟಿ ನೋಡಿ" ಎಂದರು ವೆಂಕಟಾಚಲಯ್ಯನವರು, ಎಂದಿನ ಹಾಗೆ.

ಗೌರಿ ಬೆರಳಿಟ್ಟಿತು. "ಕ... ಕವಾರನು" ಅಂದಿತು. "ಕಬಿಣ... ಕಬಿಣನನು" ಅಂದಿತು. ಸೋಮಲಿಂಗಪ್ಪನವರು ಮುಂದಕ್ಕೆ ಬಾಗಿದರು. ಮೇಷ್ಟರುಗಳು ತಲೆ ಆಡಿಸಿದರು. ಎಲ್ಲ ಚೆನ್ನಾಗಿ ನಡೆಯುತ್ತಿತ್ತು, ತಪ್ಪುಗಳು ಸಾಲಾಗಿ ಬರುತ್ತಿದ್ದವು, ಒಂದೊಂದೂ ವೆಂಕಟಾಚಲಯ್ಯನವರು ಬೋರ್ಡಿನ ಮೇಲೆ ಬರೆದಿದ್ದ ಕ್ರಮದಲ್ಲೇ.

ಕ್ರಮದಲ್ಲೇ. ತಪ್ಪು ಯಾವತ್ತಾದರೂ ಕ್ರಮವಾಗಿ ಬರುತ್ತದೆಯೇ? ನೋಡಿದರು. ಹುಡುಗಿಯ ಮೇಲ್ದುಟಿಯ ಮೇಲೆ ಬೆವರಿರಲಿಲ್ಲ. ಬೆರಳು ನಡುಗುತ್ತಿರಲಿಲ್ಲ. ಅವರು ಊರಿಗೆಲ್ಲ ಹೇಳಿಕೊಡುತ್ತಿದ್ದ ತುಟಿಯನ್ನು ತಾವೇ ನೋಡಿದ್ದು ಆವತ್ತು. ತುಟಿ ದನಿ ಹೊರಡಿಸದೆ 'ಕಬ್ಬಿಣವನ್ನು' ಎಂದು ಪೂರ್ತಿ, ಒತ್ತು ಸಹಿತ ಹೇಳಿಕೊಂಡಿತು. ಒಂದು ಕ್ಷಣ ತಡೆಯಿತು. ಆಮೇಲೆ ಬಾಯಿ ತಪ್ಪು ಹೇಳಿತು.

ಹುಡುಗಿಗೆ ಓದು ಬರುತ್ತಿತ್ತು. ಓದು ಬಂದ ಮೇಲೂ ಅದು ಮೇಷ್ಟರಿಗೋಸ್ಕರ ತಪ್ಪು ಓದುತ್ತಿತ್ತು.

ವೆಂಕಟಾಚಲಯ್ಯನವರು ತಲೆ ಎತ್ತಿದರೆ ಹಿಂದಿನ ಸಾಲಿನಲ್ಲಿ ವಿಮಲಾ ಅವರನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಹುಣಿಸೆಬೀಜದ ಅರ್ಥ ಆಗ ಹೊಳೆಯಿತು. ಅವರೇ ಪಾಠದಲ್ಲಿ ಹೇಳಿದ್ದರು, ಬೀಜ ಜೋಡಿಸಿ ಅಕ್ಷರ ಮಾಡಿಸಿ, ಕೈಗೆ ಹತ್ತಿದ್ದು ಕಣ್ಣಿಗೆ ಹತ್ತುತ್ತದೆ ಎಂದು.

"ಗೌರಿ" ಎಂದರು ಬಗ್ಗಿ, ಮೆಲ್ಲಗೆ. "ಸರಿಯಾಗಿ ಓದಮ್ಮ."

ಹುಡುಗಿಗೆ ಗಾಬರಿಯಾಯಿತು. ಅವರ ಮುಖ ನೋಡಿತು, ಜೇಬು ನೋಡಿತು. ಇನ್ನೊಂದು ಸಾಲು ಓದಿತು, ಮೊದಲಿಗಿಂತ ಕೆಟ್ಟದಾಗಿ. ಒಂದು ಅಕ್ಷರವನ್ನೂ ನೆಟ್ಟಗೆ ಬಿಡಲಿಲ್ಲ. ಆಮೇಲೆ ಅವರಿಗಷ್ಟೇ ಕೇಳುವ ಹಾಗೆ ಪಿಸುಗುಟ್ಟಿತು, "ಇನ್ನೂ ಜಾಸ್ತಿ ಮಾಡ್ಲಾ ಸಾರ್?"

ಆಗಲೇ ಹೇಳಬೇಕಿತ್ತು. ಸೋಮಲಿಂಗಪ್ಪನವರು ಎದುರಿಗಿದ್ದರು, ಬಾಯಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಾಯಿ ಬಿಡಲಿಲ್ಲ ಪುಣ್ಯಾತ್ಮರು. ಕಾಯಂ ಆಗುವ ಸೆಂಟರು, ಜಿಲ್ಲೆ ಜಿಲ್ಲೆಯ ಸೆಂಟರು, ಎಲ್ಲ ಕಣ್ಣ ಮುಂದೆ ಬಂದು ನಿಂತವು. "ಸಾಕು" ಎಂದು ಪುಸ್ತಕ ಮುಚ್ಚಿದರು. ಸೋಮಲಿಂಗಪ್ಪನವರು ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಮೇಷ್ಟರುಗಳೆಲ್ಲ. "ಅದ್ಭುತ ಕಣ್ರೀ" ಎಂದರು ಸಾಹೇಬರು. "ಈ ಮಗುವನ್ನ ಮೈಸೂರಿಗೂ ಕರ್ಕೊಂಡು ಹೋಗಿ, ಶಿವಮೊಗ್ಗಕ್ಕೂ ಕರ್ಕೊಂಡು ಹೋಗಿ. ಎಲ್ಲ ಮೇಷ್ಟ್ರೂ ನೋಡಲಿ."

ಎಲ್ಲರೂ ಉಪ್ಪಿಟ್ಟು ಕಾಫಿಗೆ ಎದ್ದರು. ವೆಂಕಟಾಚಲಯ್ಯನವರು ಗೌರಿಯ ಕೈಹಿಡಿದು ವರಾಂಡಕ್ಕೆ ಬಂದರು. ಬೈರಮ್ಮ ಕಂಬ ಬಿಟ್ಟಿರಲಿಲ್ಲ. ಅವಳಿಗೆ ಅಕ್ಷರ ಗೊತ್ತಿರಲಿಲ್ಲ, ಮೊಮ್ಮಗಳು ತಡವರಿಸಿದ್ದು ಗೊತ್ತಾಗಿತ್ತು.

"ಬರಲಿಲ್ಲ ಅಲ್ಲವಾ ಸೋಮಿ?" ಎಂದಳು. ಅವರು ಉತ್ತರ ಕೊಡುವುದರೊಳಗೆ ತಾನೇ ಮುಂದುವರಿಸಿದಳು. "ಹೋಗ್ಲಿ ಬುಡಿ. ನೀವು ಮಾಡೋವಷ್ಟು ಮಾಡಿದ್ರಿ, ನಿಮ್ಮ ಕೈಲೂ ಆಗಲಿಲ್ಲ ಅಂದ್ರೆ ಇದರ ಹಣೇಲಿ ಬರೆದಿಲ್ಲ. ಆದ್ರೆ ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡಿ. ಮಗೀಗೆ ಬರಲಿಲ್ಲ ಅಂತ ಅಷ್ಟು ಜನ ದೊಡ್ಡೋರು ಚಪ್ಪಾಳೆ ಹೊಡೆದ್ರಲ್ಲ, ಯಾಕೆ?"

ವೆಂಕಟಾಚಲಯ್ಯನವರು ಹುಡುಗಿಯ ಕೈ ಬಿಟ್ಟರು.

"ಬಾ ಮಗಾ" ಎಂದಳು ಬೈರಮ್ಮ. "ನಾಳೆಯಿಂದ ನನ್ನ ಜೊತೆ ಮಂಕರಿ ಹೊರುವಂತೆ. ಇಂಗೆ ಎಲ್ರ ಮುಂದೆ ಕುಂತು ಮಾನ ಕಳ್ಕೊಳ್ಳೋದಕ್ಕಿಂತ ಅದು ಮೇಲು."

ಇಸ್ಕೂಲು ಬಿಡಿಸುತ್ತಾರೆ ಎಂದು ಕೇಳಿ ಗೌರಿಯ ಗದ್ದ ನಡುಗಿತು, ಆದರೂ ಬಾಯಿ ಬಿಡಲಿಲ್ಲ. ಅಜ್ಜಿಗೂ ಗುಟ್ಟು ಹೇಳದೆ ಮೇಷ್ಟರ ಮಾನ ಕಾಯುತ್ತಿತ್ತು ಆ ಮಗು. ಅದನ್ನು ನೋಡಿ ವೆಂಕಟಾಚಲಯ್ಯನವರು ಬೈರಮ್ಮನ ದಾರಿಗೆ ಅಡ್ಡ ನಿಂತರು.

"ನಿಲ್ಲಿ ಬೈರಮ್ಮ. ಅವಳಿಗೆ ಓದು ಬರುತ್ತೆ."

ದನಿ ಜೋರಾಗಿಯೇ ಬಂದಿತ್ತು. ಬಾಗಿಲಲ್ಲಿ ಕಾಫಿ ಲೋಟ ಹಿಡಿದಿದ್ದ ಸೋಮಲಿಂಗಪ್ಪನವರು ಇತ್ತ ತಿರುಗಿದರು. ಅವರ ಹಿಂದೆ ವಿಮಲಾ, ಅವಳ ಹಿಂದೆ ನಾಲ್ಕಾರು ಮೇಷ್ಟರುಗಳು.

"ಸಮಾಧಾನಕ್ಕೆ ಹೇಳಬ್ಯಾಡಿ ಸೋಮಿ."

"ಸಮಾಧಾನಕ್ಕಲ್ಲ. ಇವಳಿಗೆ ಬರುತ್ತೆ. ನಾನು ಕಲಿಸಿದ್ದಲ್ಲ, ಇಗೋ ಈ ವಿಮಲಾ ಟೀಚರು ಕಲಿಸಿದ್ದು. ನಾನು ಕಲಿಸೋದನ್ನ ನಿಲ್ಲಿಸಿಬಿಟ್ಟಿದ್ದೆ, ಗೌರಿ ಕಲಿತರೆ ನನಗೆ ತೋರಿಸೋಕೆ ಮಗು ಇರಲ್ಲ ಅಂತ. ಇವತ್ತು ಇವಳು ಬೇಕು ಅಂತಲೇ ತಪ್ಪು ಓದಿದಳು. ನಾನೇ ಹಾಗೆ ಮಾಡಿಟ್ಟಿದ್ದೀನಿ."

ಸೋಮಲಿಂಗಪ್ಪನವರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು.

"ಬತ್ತದೇನೆ ನಿಂಗೆ?" ಎಂದು ಬೈರಮ್ಮ ಕೇಳಿದಳು.

ಗೌರಿ ಅಜ್ಜಿಯ ಮುಖ ನೋಡಲಿಲ್ಲ. ವೆಂಕಟಾಚಲಯ್ಯನವರ ಮುಖ ನೋಡಿತು, ಯಾವ ಉತ್ತರ ಕೊಟ್ಟರೆ ಇವರಿಗೆ ಒಪ್ಪಿಗೆ ಎಂದು ಹುಡುಕಿತು. ಅವರು ಕೈಯಲ್ಲೇ ಉಳಿದಿದ್ದ ಸಾಹೇಬರ ಪುಸ್ತಕದಲ್ಲಿ ಅದೇ ಪುಟ ಬಿಡಿಸಿ ಅದರ ಕೈಗೆ ಕೊಟ್ಟು, "ಅಜ್ಜಿಗೆ ಓದಿ ಹೇಳಮ್ಮ" ಎಂದರು.

ಹುಡುಗಿ ಬೆರಳಿಟ್ಟಿತು. ಈಗ ಮೇಲ್ದುಟಿಯ ಮೇಲೆ ಬೆವರು ಬಂತು. "ಕಮ್ಮಾರನು... ಕಬ್ಬಿಣವನ್ನು... ಕಾಯಿಸುತ್ತಾನೆ" ಎಂದಿತು. ಒತ್ತಕ್ಷರದ ಹತ್ತಿರ ನಿಂತು, ಎಡಗೈ ಬೆರಳಲ್ಲಿ ಲಂಗದ ಮೇಲೆ ಅದನ್ನು ಬರೆದುಕೊಂಡು, ದಾಟಿತು. "ಅವನ... ಹೆಂಡತಿ... ತಿದಿ ಒತ್ತುತ್ತಾಳೆ. ಕಿಡಿಗಳು... ಹಾರುತ್ತವೆ."

ನಿಧಾನವಾಗಿ, ಕಷ್ಟಪಟ್ಟು, ಒಂದೂ ತಪ್ಪಿಲ್ಲದೆ. ಬೈರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನನ್ನವ್ವಾ" ಎಂದಳು, "ನನ್ನ ತಾಯೀ, ಓದ್ತೀಯಲ್ಲೇ!" ವಿಮಲಾ ಗೋಡೆಯ ಕಡೆ ತಿರುಗಿಕೊಂಡಳು. ಈಗ ಚಪ್ಪಾಳೆ ತಟ್ಟುವುದಕ್ಕೆ ಯಾರಿಗೂ ಕೈ ಬರಲಿಲ್ಲ.

ಆ ಮೌನ ಗೌರಿಗೆ ಬೇರೆ ರೀತಿ ಅರ್ಥವಾಯಿತು. ಚಪ್ಪಾಳೆ ಇಲ್ಲ, ಅಜ್ಜಿ ಅಳುತ್ತಿದ್ದಾಳೆ, ಸಾಹೇಬರು ಲೋಟ ಕೆಳಗಿಟ್ಟಿದ್ದಾರೆ, ಮೇಷ್ಟರ ಕಣ್ಣು ಕೆಂಪಾಗಿದೆ. ಸರಾಗವಾಗಿ ಓದಿ ಗದರಿಸಿಕೊಂಡ ಆವತ್ತಿನ ಹಾಗೆಯೇ. ಹುಡುಗಿ ಪುಸ್ತಕ ಮುಚ್ಚಿ ಕಂಕುಳಿಗೆ ಸಿಕ್ಕಿಸಿಕೊಂಡಿತು. ಹಳ್ಳಿಯ ಇಸ್ಕೂಲಿನಲ್ಲಿ ಬೆತ್ತಕ್ಕೆ ಚಾಚುವ ಹಾಗೆ, ಬಲಗೈಯನ್ನು ಅಂಗೈ ಮೇಲಾಗಿ ವೆಂಕಟಾಚಲಯ್ಯನವರ ಮುಂದೆ ಚಾಚಿತು.

"ತಪ್ಪಾಯ್ತು ಸಾರ್" ಎಂದಿತು. "ಇನ್ನೊಂದ್ಸಲ ಸರಿಯಾಗಿ ಓದಲ್ಲ."

ವೆಂಕಟಾಚಲಯ್ಯನವರ ಜೇಬಿನಲ್ಲಿ ಪೆಪ್ಪರಮೆಂಟು ಇತ್ತು. ಕೈ ಅಲ್ಲಿಯವರೆಗೆ ಹೋಯಿತು. ತೆಗೆದು ಆ ಅಂಗೈ ಮೇಲೆ ಇಡುವ ಧೈರ್ಯ ಬರಲಿಲ್ಲ.